ಗರ್ಭಚೀಲ ತೆಗೆಸುವ ಮೊದಲು ಅಂಡಾಶಯದ ಮಾತು ಕೇಳಿಕೊಳ್ಳಿ

ಹೋದ ಶುಕ್ರವಾರ ಸಂಜೆ ನಮ್ಮ ಓಣಿಯ ಹುಡುಗಿಯೊಬ್ಬಳು ಸ್ಕ್ಯಾನಿಂಗ್ ಕವರ್ ಹಿಡಿದುಕೊಂಡು ಮನೆಗೆ ಬಂದಳು. ಹುಡುಗಿ ಅಂದೆ, ಅವಳಿಗೆ 37, ಎರಡು ಮಕ್ಕಳ ತಾಯಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸ ಮಾಡುತ್ತಾಳೆ. "ಟೀಚರ್, ಚೀಲ ತಗೀಬೇಕಂತ ಹೇಳ್ಯಾರ್ರಿ. ಬುಧವಾರ ಬಾ ಅಂದಾರ. ರೊಕ್ಕ ಸ್ವಲ್ಪ ಕಡಿಮಿ ಬಿದ್ದಾವು" ಅಂದಳು. ನಾನು ರೊಕ್ಕದ ಮಾತು ಬಿಟ್ಟು ಮೊದಲು ಕೇಳಿದ್ದು, "ಬರೇ ಚೀಲ ಏನು, ಅಂಡಾಶಯನೂ ತಗೀತಾರೇನು?" ಅವಳು ನನ್ನ ಮುಖ ನೋಡಿದಳು. "ಅದೇನ್ರಿ? ಎರಡೂ ಒಂದ ಅಲ್ಲೇನ್ರಿ?"

ನಾಲ್ಕು ವರ್ಷದ ಹಿಂದೆ ನನಗೂ ಎರಡೂ ಒಂದೇ ಆಗಿದ್ದವು. ಡಿ.ಎಡ್ ಓದಿದವಳು, ಮಕ್ಕಳಿಗೆ ವಿಜ್ಞಾನದ ಪಾಠ ಹೇಳುವವಳು. ಆದರೂ ನನ್ನ ಹೊಟ್ಟೆಯೊಳಗಿನದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಹಾಕಿದರೆ ಮಾತೆಲ್ಲ ಆ ಆಸ್ಪತ್ರೆ ಮೇಲೆ ಹೋಗುತ್ತದೆ, ನನಗೆ ಬೇಕಾಗಿರುವುದು ನೀವು ಆ ಒಂದು ಪ್ರಶ್ನೆ ಕೇಳುವುದು.

ನನಗಾಗ 42. ಮುಟ್ಟು ಏರುಪೇರಾಗಿ ವರ್ಷವಾಗಿತ್ತು. ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತಿತ್ತು, ಒಮ್ಮೆ ಎರಡು ತಿಂಗಳು ಸುದ್ದಿ ಇರುತ್ತಿರಲಿಲ್ಲ, ಬಂದರೆ ಹತ್ತು ದಿನ ಬಿಡುತ್ತಿರಲಿಲ್ಲ. ಹೆಪ್ಪು ಹೆಪ್ಪಾಗಿ ಹೋಗುತ್ತಿತ್ತು. ಶಾಲೆಗೆ ತಿಳಿ ಬಣ್ಣದ ಸೀರೆ ಉಡುವುದನ್ನೇ ಬಿಟ್ಟೆ. ಕುರ್ಚಿಯಿಂದ ಎದ್ದಾಗೆಲ್ಲ ತಿರುಗಿ ಕುರ್ಚಿ ನೋಡುವುದು ರೂಢಿಯಾಯಿತು. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಬರೀ 8.2.

ಮನೆಯಲ್ಲಿ ಇದಕ್ಕೊಂದೇ ಮದ್ದು. ದೊಡ್ಡ ನೆಗೆಣ್ಣಿ 38ಕ್ಕೆ ತೆಗೆಸಿದ್ದಳು, ತವರಿನ ಅತ್ತಿಗೆ 40ಕ್ಕೆ. "ತಗಸಿ ಒಗದುಬಿಡು, ಪೀಡಾ ಹೋಗ್ತೈತಿ. ಮಕ್ಕಳಾದ್ವಲ್ಲ, ಇನ್ನ ಅದರದೇನು ಕೆಲಸ?" ಈ ಮಾತನ್ನು ಹಾವೇರಿ, ಗದಗ ಕಡೆ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹುಳುಕು ಹಲ್ಲು ಕೀಳಿಸಿದಷ್ಟು ಸಲೀಸಾಗಿ ಆಡುತ್ತೇವೆ.

ಆ ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರರ ಮುಂದೆ ನಾನು ಕುಳಿತದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಚೀಲದಲ್ಲಿ 3 ಸೆಂಟಿಮೀಟರಿನ ಒಂದು ಗಡ್ಡೆ ಕಂಡಿತ್ತು. "ಈಗ ಗಡ್ಡಿ ಐತಿ, ನಾಳೆ ಕ್ಯಾನ್ಸರ್ ಆದ್ರ ಏನ್ ಮಾಡ್ತೀರಿ?" ಅಂದರು. ಆ ಶಬ್ದ ಕಿವಿಗೆ ಬಿದ್ದ ಮೇಲೆ ಮುಂದಿನದು ಏನೂ ಕೇಳಿಸಲಿಲ್ಲ. ಮನೆಯವರು ಅಲ್ಲೇ ಅಡ್ವಾನ್ಸ್ ಕಟ್ಟಿದರು. ಮೂರನೇ ದಿನಕ್ಕೆ ಆಪರೇಷನ್.

ಬೆಳಿಗ್ಗೆ ಆರೂವರೆಗೆ ಹಸಿರು ಗೌನು ತೊಡಿಸಿ, ಬಳೆ, ಕಾಲುಂಗುರ ಬಿಚ್ಚಿಸಿ ಕೂರಿಸಿದ್ದರು. ನರ್ಸ್ ಒಬ್ಬಳು ಇಂಗ್ಲಿಷಿನ ಫಾರ್ಮ್ ತಂದು ಬೆರಳಿಟ್ಟು ತೋರಿಸಿದಳು: "ಇಲ್ಲಿ ಸಹಿ ಮಾಡ್ರಿ ಅಕ್ಕಾರ, ಇಲ್ಲೊಂದು, ಹಿಂದ ಒಂದು." ಮಾಡಿದೆ. ಹೊರಗೆ ಬಂದ ಮೇಲೆ ಡಾಕ್ಟರು ನಮ್ಮ ಮನೆಯವರಿಗೆ ಹೇಳಿದ್ದು, "ಎಲ್ಲಾ ಕ್ಲೀನ್ ಮಾಡೀವ್ರಿ, ಇನ್ನ ಏನೂ ತ್ರಾಸಿಲ್ಲ." ಅವರು ಅದನ್ನು ಸಿಹಿ ಸುದ್ದಿಯ ಹಾಗೆ ನನಗೆ ಬಂದು ಹೇಳಿದರು. ಕ್ಲೀನ್ ಅಂದರೆ ಏನೇನು ಹೋಯಿತು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹತ್ತನೆಯ ದಿನವೋ ಹನ್ನೆರಡನೆಯ ದಿನವೋ ರಾತ್ರಿ ಎದೆಯಿಂದ ಬೆಂಕಿ ಎದ್ದ ಹಾಗೆ ಕಾವು ಮೇಲೇರಿತು. ಕುತ್ತಿಗೆ, ಮುಖ, ನೆತ್ತಿ. ಎರಡು ನಿಮಿಷಕ್ಕೆ ಕುಪ್ಪಸ ತೊಯ್ದು ತಪ್ಪಡಿ, ಅದರ ಹಿಂದೆಯೇ ಚಳಿ. ಜ್ವರ ಅಂದುಕೊಂಡೆವು. ಥರ್ಮಾಮೀಟರಿನಲ್ಲಿ ಏನೂ ಇರಲಿಲ್ಲ. ಅಲ್ಲಿಂದ ದಿನಕ್ಕೆ ಹತ್ತು ಹನ್ನೆರಡು ಸಲ. ರಜೆ ಮುಗಿಸಿ ಶಾಲೆಗೆ ಹೋದಾಗ ಫೆಬ್ರುವರಿ. ಬ್ಯಾಡಗಿಯಲ್ಲಿ ಆಗ ಮೆಣಸಿನಕಾಯಿ ಸುಗ್ಗಿ, ಸೋಮವಾರ ಗುರುವಾರ ಬಂದರೆ ಊರ ತುಂಬ ಚೀಲದ ಗಾಡಿ, ಗಾಳಿಯಲ್ಲೆಲ್ಲ ಘಾಟು. ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದವಳು ಅರ್ಧಕ್ಕೇ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಮೂರನೇ ಸಾಲಿನ ಹುಡುಗಿಯೊಬ್ಬಳು ದಿನಾ ಎದ್ದು ಬಂದು ತನ್ನ ನೀರಿನ ಬಾಟಲಿ ಟೇಬಲ್ ಮೇಲೆ ಇಟ್ಟು ಹೋಗುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ನಿದ್ದೆ ಹೋಯಿತು. ರಾತ್ರಿ ಎರಡಕ್ಕೆ ಎದ್ದು ಪಡಸಾಲೆಯ ಬರೀ ನೆಲದ ಮೇಲೆ ಮಲಗುತ್ತಿದ್ದೆ. ಕೀಲು ಕೀಲು ನೋವು. ಸಣ್ಣ ಮಾತಿಗೆ ಸಿಟ್ಟು, ಸಿಟ್ಟಿನ ಹಿಂದೆ ಅಳು. ಯಾವ ವಿದ್ಯಾರ್ಥಿಯ ಹೆಸರೂ ಮರೆಯದವಳಿಗೆ ಹಾಜರಿ ಪುಸ್ತಕ ನೋಡದೆ ಕರೆಯಲು ಬರದಂತಾಯಿತು. ಇನ್ನೊಂದನ್ನೂ ಬರೆಯುತ್ತೇನೆ, ಯಾರೂ ಬರೆಯುವುದಿಲ್ಲ ಅಂತಲೇ. ಒಳಗೆ ಒಣಗಿ, ಗಂಡ ಹತ್ತಿರ ಬಂದರೆ ಗಾಜಿನ ಪುಡಿ ತಾಗಿದ ಹಾಗೆ ಉರಿಯುತ್ತಿತ್ತು. ನನಗೆ ಅವರ ಮೇಲೆ ಮನಸ್ಸಿಲ್ಲ ಅಂತ ಅವರು ತಿಳಿದರು. ನಾನು ಬಾಯಿಬಿಟ್ಟು ಹೇಳಲಿಲ್ಲ. ಆರು ತಿಂಗಳು ಒಂದೇ ಮನೆಯಲ್ಲಿ ಇಬ್ಬರೂ ಪರಕೀಯರ ಹಾಗೆ ಇದ್ದೆವು. ಅತ್ತೆಯವರು ಗಾಳಿ ಸೋಕಿದೆ ಅಂತ ದೇವರಗುಡ್ಡದ ಮಾಲತೇಶನಿಗೆ ಹರಕೆ ಹೊತ್ತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ಮನೆಯಲ್ಲಿ ಗುರುತಿಸಿದವರು ಅವರೊಬ್ಬರೇ.

ಎಂಟನೇ ತಿಂಗಳಿಗೆ ತಂಗಿ ಎಳೆದುಕೊಂಡು ಹೋಗಿ ಹುಬ್ಬಳ್ಳಿಯಲ್ಲಿ ಬೇರೆ ಡಾಕ್ಟರರಿಗೆ ತೋರಿಸಿದಳು. ಅವರು ನನ್ನ ಡಿಸ್ಚಾರ್ಜ್ ಚೀಟಿ ನೋಡಿ, ಪೆನ್ನಿನ ತುದಿಯಿಂದ ಒಂದು ಸಾಲು ತೋರಿಸಿದರು. ಟಿಎಎಚ್, ಅದರ ಪಕ್ಕದಲ್ಲಿ ಬಿಎಸ್ಓ. "ಇದೇನು ಅಂತ ನಿಮಗ ಯಾರಾರ ಹೇಳ್ಯಾರೇನ್ರಿ?" ಮೊದಲನೆಯದು ಹೊಟ್ಟೆ ಕೊಯ್ದು ಗರ್ಭಚೀಲ ತೆಗೆದದ್ದು. ಎರಡನೆಯದು ಎರಡೂ ಕಡೆಯ ಅಂಡಾಶಯ, ನಾಳ ಸಮೇತ ತೆಗೆದದ್ದು. ಎಂಟು ತಿಂಗಳಿಂದ ಆ ಮೂರಕ್ಷರ ನನ್ನ ಬೀರುವಿನಲ್ಲೇ ಇದ್ದವು. ಅದರ ಹಿಂದೆ ಪಿನ್ ಹಾಕಿದ್ದ ಬಯಾಪ್ಸಿ ರಿಪೋರ್ಟ್ ಓದಿ ಹೇಳಿದರು: ಗಡ್ಡೆಯಲ್ಲಿ ಕ್ಯಾನ್ಸರ್ ಅಂಶವಿಲ್ಲ. ಅಂಡಾಶಯ ಎರಡೂ ಸಹಜ. ಆ ಸಹಜ ಎಂಬ ಮಾತಿಗೆ ನಾನು ಅವರ ಮುಂದೆಯೇ ಅತ್ತುಬಿಟ್ಟೆ.

ಅವತ್ತು ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಗರ್ಭಚೀಲ ಮಗುವನ್ನು ಹೊರುವ ಜಾಗ. ಅದನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ತನ್ನ ಕೆಲಸ ನಡೆಸುತ್ತಲೇ ಇರುತ್ತದೆ. ಈಸ್ಟ್ರೋಜೆನ್ ಎಂಬ ಹಾರ್ಮೋನು ಬರುವುದು ಅಂಡಾಶಯದಿಂದ. ಎಲುಬು, ಹೃದಯ, ನಿದ್ದೆ, ಚರ್ಮ, ಒಳಗಿನ ತೇವ ಎಲ್ಲಕ್ಕೂ ಅದು ಬೇಕು. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಮುಟ್ಟು ತಾನಾಗಿ ನಿಲ್ಲುವುದು ಸರಾಸರಿ 46-47ರ ಸುಮಾರಿಗೆ, ಅದೂ ಕೆಲವು ವರ್ಷ ಏರುಪೇರಾಗಿ, ಇಳಿಜಾರಿನಲ್ಲಿ ಇಳಿದ ಹಾಗೆ. ಸತತ 12 ತಿಂಗಳು ಬರದಿದ್ದರೆ ನಿಂತಿತು ಅಂತ ಲೆಕ್ಕ. ನನಗಾಗ ಆಗುತ್ತಿದ್ದದ್ದು ಆ ಇಳಿಜಾರಿನ ಆರಂಭವೇ ಇದ್ದೀತು. ಎರಡೂ ಅಂಡಾಶಯ ಕಿತ್ತರೆ ಇಳಿಜಾರೇ ಇಲ್ಲ, ಮಾಳಿಗೆಯಿಂದ ದೂಡಿದ ಹಾಗೆ. 45ರೊಳಗೆ ಹಾಗಾದರೆ ಎಲುಬು ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚು. ಆದ್ದರಿಂದ ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುತ್ತಾರೆ. ಇದನ್ನು ಆಪರೇಷನ್ ಆದ ವಾರದಲ್ಲೇ ನನಗೆ ಹೇಳಬೇಕಿತ್ತು. ಹೇಳದೆ ಕಳೆದ ಎಂಟು ತಿಂಗಳು ನನ್ನವು. ಆಚೆ ವರ್ಷದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೇ ಮಣಿಕಟ್ಟು ಮುರಿಯಿತು. ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿ ಎಲುಬು ತೆಳುವಾಗಿದೆ ಅಂದರು. ಸೀಮೆಸುಣ್ಣ ಹಿಡಿಯುವ ಕೈ ಅದು.

ಈಗ ಹಾರ್ಮೋನ್ ತೆಗೆದುಕೊಂಡು ಕಾವು ಬಹಳ ಕಡಿಮೆಯಾಗಿದೆ, ನಿದ್ದೆ ಬಂದಿದೆ. ಮನೆಯವರನ್ನೂ ಕರೆದುಕೊಂಡು ಹೋಗಿ ಡಾಕ್ಟರರ ಬಾಯಿಂದಲೇ ಹೇಳಿಸಿದೆ. ಅವರು ಬಸ್ಸಿನಲ್ಲಿ ಬರುವಾಗ ಬಂಕಾಪುರ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, "ನಾ ಕೇಳಬೇಕಿತ್ತು" ಅಂದರು.

ಹಾಗಂತ ಆಪರೇಷನ್ನೇ ತಪ್ಪು ಅನ್ನುತ್ತಿಲ್ಲ. ನಮ್ಮ ಶಾಲೆಯ ಹಿಂದಿನ ಅಡುಗೆಯವರಿಗೆ ಗರ್ಭಚೀಲದ ಕ್ಯಾನ್ಸರ್ ಇತ್ತು, ತೆಗೆದದ್ದರಿಂದಲೇ ಇವತ್ತು ಓಡಾಡಿಕೊಂಡಿದ್ದಾರೆ. ಔಷಧಕ್ಕೆ ಬಗ್ಗದ ರಕ್ತಸ್ರಾವ, ಬಹಳ ದೊಡ್ಡ ಗಡ್ಡೆ, ಕೆಳಗೆ ಜಾರಿದ ಗರ್ಭಚೀಲ, ಇವಕ್ಕೆಲ್ಲ ಬೇಕಾಗಬಹುದು. ಅಂಡಾಶಯದಲ್ಲೇ ರೋಗವಿದ್ದರೆ ಅದೂ ಹೋಗಬೇಕು. ನನ್ನ ತಕರಾರು ಬೇರೆ. ನನಗೆ ಥೈರಾಯ್ಡ್ ನೋಡಲಿಲ್ಲ. ಗರ್ಭಚೀಲದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಲಿಲ್ಲ. ಒಳಪದರದಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವುದು ಅದು, ಡಾಕ್ಟರರ ಊಹೆಯಲ್ಲ. ಕಬ್ಬಿಣಾಂಶದ ಮಾತ್ರೆ, ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್, ಕಾಪರ್-ಟಿಯಂತೆ ಒಳಗೆ ಇಡುವ ಹಾರ್ಮೋನಿನ ಮಿರೇನಾ, ಒಂದನ್ನೂ ಮಾಡಿ ನೋಡಲಿಲ್ಲ. ಸಣ್ಣ ಗಡ್ಡೆಗಳು ಬಹಳ ಹೆಣ್ಣುಮಕ್ಕಳಿಗೆ ಇರುತ್ತವೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ ಅಂತ ನನಗೆ ಯಾರೂ ಹೇಳಲಿಲ್ಲ. ಬಿಳಿಮುಟ್ಟಿಗೂ ಚೀಲ ತೆಗೆಸಿದವರನ್ನು ನೋಡಿದ್ದೇನೆ. ಸೋಂಕಿದ್ದರೆ ಅದಕ್ಕೆ ಬೇಕಾಗುವುದು ಔಷಧ.

ಇದರ ತದ್ವಿರುದ್ಧದ ತಪ್ಪೂ ನಮ್ಮಲ್ಲಿದೆ, ಅದನ್ನೂ ಹೇಳಿಬಿಡುತ್ತೇನೆ. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಕಲೆಯಷ್ಟು ರಕ್ತ ಕಂಡರೂ ಸುಮ್ಮನಿರಬೇಡಿ. "ಉಷ್ಣಕ್ಕ ಆಗಿರಬೇಕು" ಅಂತ ಕಷಾಯ ಕುದಿಸಿ ಕುಡಿಯುತ್ತ ಕೂರುವ ವಿಷಯ ಅದಲ್ಲ. ಅದೇ ವಾರ ಹೋಗಿ ತೋರಿಸಿ.

ಕಾಗದಪತ್ರದ ಮಾತು. ಕೇಳಿದ 72 ಗಂಟೆಯೊಳಗೆ ರೋಗಿಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ. ನನಗೆ ಮೂರು ಸಲ ಅಲೆಸಿದರು. ಬರೆದು ಕೊಟ್ಟು, ನಕಲಿನ ಮೇಲೆ ಅವರ ಸೀಲು ಹಾಕಿಸಿಕೊಂಡ ಮೇಲೆ ಕೇಸ್ ಶೀಟ್ ಬಂತು. ವಕೀಲರು ನೋಡಿ 2008ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತಿಳಿಸಿದರು. ದೆಹಲಿಯಲ್ಲಿ 44ರ ಹೆಣ್ಣುಮಗಳೊಬ್ಬಳು ಪರೀಕ್ಷೆಗೆಂದು ಒಪ್ಪಿ ಮಲಗಿದ್ದಾಗ, ಎಚ್ಚರವಿಲ್ಲದ ಹೊತ್ತಿನಲ್ಲಿ ತಾಯಿಯ ಒಪ್ಪಿಗೆ ಪಡೆದು ಗರ್ಭಚೀಲ, ಅಂಡಾಶಯ ತೆಗೆದಿದ್ದರು. ಜೀವಕ್ಕೆ ತುರ್ತು ಅಪಾಯವಿಲ್ಲದಾಗ ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. 2023ರಲ್ಲಿ ಅದೇ ಕೋರ್ಟ್, ಬೇಡದ ಗರ್ಭಚೀಲ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೆ ಗ್ರಾಹಕರ ಕೋರ್ಟಿಗೆ ಹೋಗಲು ಎರಡು ವರ್ಷದ ಗಡುವು. ನಾನು ವಕೀಲರ ಹತ್ತಿರ ಹೋಗುವ ಹೊತ್ತಿಗೆ ಎರಡೂವರೆ ಆಗಿತ್ತು. ತಡವಾದ್ದಕ್ಕೆ ಕಾರಣ ಕೊಟ್ಟು ಕೇಳಬಹುದು ಅಂದರು. ಮುರಿದ ಕೈ ಇಟ್ಟುಕೊಂಡು ನನಗೆ ಆ ಬಲ ಇರಲಿಲ್ಲ.

ಆದ್ದರಿಂದ ನಿಮ್ಮ ಫಾರ್ಮನ್ನು ಹಿಂದಿನ ದಿನವೇ ಕೇಳಿ ಮನೆಗೆ ತನ್ನಿ. ಕನ್ನಡದಲ್ಲಿ ಓದಿಸಿ ಹೇಳಿಸಿಕೊಳ್ಳಿ. ಅಂಡಾಶಯ ಉಳಿಸಿಕೊಳ್ಳುವ ಮನಸ್ಸಿದ್ದರೆ, ರೋಗ ಕಾಣದಿದ್ದರೆ ತೆಗೆಯಬಾರದು ಅಂತ ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ. ಯಾರಾದರೂ ಅದಕ್ಕೆ ಸಿಡುಕಿದರೆ ಅಲ್ಲಿಂದ ಎದ್ದು ಬನ್ನಿ. ತುರ್ತಲ್ಲದ ಆಪರೇಷನ್ ಹದಿನೈದು ದಿನ ತಡವಾದರೆ ಏನೂ ಆಗುವುದಿಲ್ಲ. ಇನ್ನೊಬ್ಬ ಡಾಕ್ಟರರಿಗೆ ತೋರಿಸಲು ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ ಸರ್ಕಾರಿ ಆಸ್ಪತ್ರೆ (ಈಗ ಕೆಎಂಸಿಆರ್‌ಐ) ಇದೆ, ಗದಗ, ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಪಾಳಿ ಉದ್ದ ಇರುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ.

ಆ ಹುಡುಗಿಗೆ ನಾನು ರೊಕ್ಕ ಕೊಡಲಿಲ್ಲ. ಬುಧವಾರಕ್ಕೆ ಅವಳೂ ಹೋಗಲಿಲ್ಲ. ಗಂಡ ಸಿಟ್ಟು ಮಾಡಿದನಂತೆ, ನಮ್ಮ ಮನೆಯವರೇ ಹೋಗಿ ಅವನನ್ನು ಕೂರಿಸಿಕೊಂಡು ಮಾತಾಡಿ ಬಂದರು. ನಾನು ಒಂದು ದಿನದ ರಜೆ ಹಾಕಿದ್ದೇನೆ. ನಾಡಿದ್ದು ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟಿದ್ದೇನೆ.