ಕುಶಾಲನಗರದ ಕಾರ್ ಎ.ಸಿ. ಶೆಡ್: ಮೊದಲು ಲೀಕ್, ಆಮೇಲೆ ಗ್ಯಾಸ್

ಅಂಗಡಿ ನೋಡೋಕೆ ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಶೀಟಿನ ಶೆಡ್. ಬೋರ್ಡ್ ಮಳೆಗೆ ಮಾಸಿಹೋಗಿದೆ. ಕೂರಲು ಪ್ಲಾಸ್ಟಿಕ್ ಕುರ್ಚಿ ಇದೆ, ಅದರ ಮೇಲೆ ಯಾವಾಗಲೂ ಸ್ಪ್ಯಾನರ್‌ಗಳು. ಆದರೂ ಕಾರಿನ ಎ.ಸಿ. ಬಿಸಿಗಾಳಿ ಬಿಡುತ್ತಿದೆ ಅಂತ ಯಾರಾದರೂ ಕೇಳಿದರೆ ನಾನು ಕಳಿಸುವುದು ಅಲ್ಲಿಗೇ. ಒತ್ತಡ ಅಳೆಯುವ ಗೇಜ್ ಹಾಕಿ ನೋಡದೆ ಅವರು ಗ್ಯಾಸ್ ಸಿಲಿಂಡರ್ ಮುಟ್ಟುವುದಿಲ್ಲ.

ಕೊಡಗಿನವರಿಗೆ ಎ.ಸಿ. ಯಾಕೆ ಅಂತ ಬೆಂಗಳೂರಿನ ನೆಂಟರು ನಗುತ್ತಾರೆ. ಜುಲೈನಲ್ಲಿ ಭಾಗಮಂಡಲದ ಕಡೆ ಒಮ್ಮೆ ಗಾಡಿ ಓಡಿಸಲಿ, ಗೊತ್ತಾಗುತ್ತದೆ. ಒಳಗೆ ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ಬಟ್ಟೆ, ಸ್ವಲ್ಪ ಹೊತ್ತಿಗೇ ಗಾಜು ಪೂರ್ತಿ ಮಂಜು. ಎ.ಸಿ. ಹಾಕಿದರೆ ಗಾಳಿಯ ತೇವ ಕೂಲಿಂಗ್ ಕಾಯಿಲ್ ಮೇಲೆ ನೀರಾಗಿ ಪೈಪಿನಲ್ಲಿ ಹೊರಗೆ ಹೋಗುತ್ತದೆ, ಒಣ ಗಾಳಿ ಗಾಜಿಗೆ ಬೀಳುತ್ತದೆ. ನಮಗೆ ಎ.ಸಿ. ಬೇಕಿರುವುದು ಸೆಕೆಗಿಂತ ಜಾಸ್ತಿ ಇದಕ್ಕೇ.

ಇನ್ನೊಂದು ತಮಾಷೆ ಇದೆ. ನಮ್ಮ ತಂಪಿನಲ್ಲಿ ಎ.ಸಿ. ಕೆಟ್ಟಿದ್ದು ಗೊತ್ತೇ ಆಗುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಬರೀ ಬ್ಲೋವರ್ ಹಾಕಿದರೂ ತಣ್ಣಗೇ ಬರುತ್ತದೆ. ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟಿದಾಗ ಬೆವರು ಸುರಿಯುತ್ತದೆ ನೋಡಿ, ಆಗಲೇ ತಿಳಿಯುವುದು. ಅದಕ್ಕೇ ಫೋನ್ ಮಾಡಿದಾಗ ಆ ಮೆಕ್ಯಾನಿಕ್, "ಅಕ್ಕ, ಬೆಳಿಗ್ಗೆ ಬೇಡ, ಮಧ್ಯಾಹ್ನ ಬಿಸಿಲಿಗೆ ತನ್ನಿ" ಅಂದರು. ಕುಶಾಲನಗರ ಮಡಿಕೇರಿಗಿಂತ ಎಷ್ಟೋ ತಗ್ಗಿನಲ್ಲಿದೆ, ಬಿಸಿಲೂ ಜಾಸ್ತಿ. ಟೆಸ್ಟ್ ಮಾಡಲು ಸರಿಯಾದ ಜಾಗ.

ನನ್ನದು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹಿಂದಿನ ಬೇಸಿಗೆಯಲ್ಲಿ ಬೇರೆ ಒಂದು ಕಡೆ, ಹೆಸರು ಬೇಡ, ಬಾನೆಟ್ ತೆಗೆದವರೇ "ಗ್ಯಾಸ್ ಕಮ್ಮಿ" ಅಂದು ತುಂಬಿಸಿ ದುಡ್ಡು ತಗೊಂಡು ಕಳಿಸಿದ್ದರು. ಕೆಲವು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕತೆ. ತಂಪು ಮಾಡುವ ಈ ಗ್ಯಾಸ್ ಒಳಗೇ ಸುತ್ತುತ್ತಿರುತ್ತದೆ, ಖರ್ಚಾಗುವ ವಸ್ತು ಅಲ್ಲ. ಮನೆಯ ಫ್ರಿಡ್ಜ್‌ಗೆ ಯಾರಾದರೂ ವರ್ಷ ವರ್ಷ ಗ್ಯಾಸ್ ಹಾಕಿಸುತ್ತಾರಾ? ಕಾರಿನಲ್ಲಿ ರಬ್ಬರ್ ಹೋಸ್, ಸೀಲುಗಳಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೋರುತ್ತದೆ, ಅದು ಸಹಜ. ಒಂದೇ ಬೇಸಿಗೆಯಲ್ಲಿ ಖಾಲಿ ಆಯ್ತು ಅಂದರೆ ಎಲ್ಲೋ ತೂತಿದೆ.

ಇಲ್ಲಿ ಶುರು ಮಾಡಿದ್ದು ಸುಲಭದ್ದರಿಂದ. ಬ್ಲೋವರ್ ಗಾಳಿ ಜೋರಾಗಿದೆಯಾ, ಕ್ಯಾಬಿನ್ ಫಿಲ್ಟರ್ ಕಟ್ಟಿದೆಯಾ ನೋಡಿದರು. ಫಿಲ್ಟರಿನಲ್ಲಿ ಸಿಲ್ವರ್ ಓಕ್ ಎಲೆ ಪುಡಿ, ಜೊತೆಗೆ ಇಲಿ ಗೂಡಿನ ಹತ್ತಿ. ತೋಟದ ಮನೆಗಳಲ್ಲಿ ಗಾಡಿ ನಿಲ್ಲಿಸುವವರಿಗೆ ಇದೇನು ಹೊಸದಲ್ಲ ಬಿಡಿ. ಇಲಿ ವೈರ್ ಕಡಿದಿಲ್ಲ, ರಿಲೇ, ಫ್ಯೂಸ್ ಸರಿ ಇವೆ ಅಂತ ಖಚಿತ ಮಾಡಿಕೊಂಡರು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರಿನ ಕ್ಲಚ್ಚಿನ ಸದ್ದು ಕೇಳಿಸಿದರು. ಟಕ್ ಅಂತ ಹಿಡಿಯುತ್ತದೆ, ಕೂಡಲೇ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಗ್ಯಾಸ್ ಒತ್ತಡ ಬಿದ್ದಾಗ ಸ್ವಿಚ್ಚು ಕಂಪ್ರೆಸರನ್ನು ಕಟ್ ಮಾಡುತ್ತದಂತೆ, ಇಲ್ಲದಿದ್ದರೆ ಗ್ಯಾಸ್ ಜೊತೆ ಸುತ್ತುವ ಎಣ್ಣೆ ಸಾಲದೆ ಅದು ಜಾಮ್ ಆಗುತ್ತದೆ.

ಆಮೇಲೆ ಬಂದಿದ್ದು ಗೇಜ್ ಸೆಟ್. ನೀಲಿ ಲೋ ಸೈಡಿಗೆ, ಅಂದರೆ ಒತ್ತಡ ಕಮ್ಮಿ ಇರುವ ಕಡೆಗೆ, ಕೆಂಪು ಹೈ ಸೈಡಿಗೆ, ಒತ್ತಡ ಜಾಸ್ತಿ ಇರುವ ಕಡೆಗೆ. ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಎರಡೂ ಒಂದೇ ಅಂಕೆಗೆ ಬರಬೇಕು. ಆರ್ 134ಎ ಅನ್ನುವ ಕಾರ್ ಎ.ಸಿ. ಗ್ಯಾಸಾದರೆ 25 ಡಿಗ್ರಿಯಲ್ಲಿ ಸುಮಾರು 80 ಪಿಎಸ್‌ಐ (ಒತ್ತಡದ ಅಳತೆ). ನಮ್ಮದು ಅದಕ್ಕಿಂತ ತುಂಬಾ ಕೆಳಗಿತ್ತು, ಅಂದರೆ ಒಳಗೆ ದ್ರವರೂಪದ ಗ್ಯಾಸ್ ಉಳಿದೇ ಇಲ್ಲ. 80 ತೋರಿಸಿದರೂ ನಂಬಬೇಡಿ ಅಂದರು, ಅರ್ಧ ಗ್ಯಾಸ್ ಇದ್ದಾಗಲೂ ಅಷ್ಟೇ ತೋರಿಸುತ್ತದೆ. ಓಡುವಾಗಿನ ಲೆಕ್ಕ ಬೇರೆ. ಎರಡೂ ಕಡೆ ಕಮ್ಮಿ ಇದ್ದರೆ ಗ್ಯಾಸ್ ಕಮ್ಮಿ. ಎರಡೂ ಜಾಸ್ತಿ ಇದ್ದರೆ ಗ್ಯಾಸಿನ ಬಿಸಿ ಹೊರಗೆ ಬಿಡುವ ಕಂಡೆನ್ಸರ್ ಮುಂದೆ ಕೆಸರು ಕಟ್ಟಿದೆ, ಫ್ಯಾನ್ ತಿರುಗುತ್ತಿಲ್ಲ ಅಥವಾ ಯಾರೋ ಗ್ಯಾಸ್ ಜಾಸ್ತಿ ತುಂಬಿದ್ದಾರೆ. ಲೋ ಸೈಡ್ ಏರಿ ಹೈ ಸೈಡ್ ಇಳಿದರೆ ಸಾಮಾನ್ಯವಾಗಿ ಕಂಪ್ರೆಸರೇ ಸೋತಿದೆ. ಗ್ಯಾಸ್ ಜಾಸ್ತಿ ಆದರೂ ಬಿಸಿಗಾಳಿ ಬರುತ್ತದೆ ಅನ್ನುವುದು ನನಗೆ ಹೊಸ ವಿಷಯ.

ಲೀಕ್ ಹುಡುಕಿದ್ದು ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚಿ. ಜಾಯಿಂಟುಗಳಲ್ಲಿ ಏನೂ ಇಲ್ಲ. ಕಂಡೆನ್ಸರಿನ ಕೆಳಗಿನ ಮೂಲೆಯಲ್ಲಿ ಎಣ್ಣೆ ಅಂಟಿ ಧೂಳು ಕಪ್ಪಗಾಗಿತ್ತು, ಅಲ್ಲೇ ಗುಳ್ಳೆ ಎದ್ದವು. ಗ್ಯಾಸ್ ಜೊತೆ ಎಣ್ಣೆಯೂ ಹೊರಗೆ ಬರುವುದರಿಂದ ಜಿಡ್ಡಿನ ಕಲೆ ಕಂಡ ಕಡೆ ಮೊದಲು ನೋಡಬೇಕಂತೆ. ತೋಟದ ದಾರಿಯ ಜಲ್ಲಿಕಲ್ಲು ಹೊಡೆದಿರಬೇಕು. ಸದ್ಯ, ಸೋರಿದ್ದು ಕೂಲಿಂಗ್ ಕಾಯಿಲ್ ಅಲ್ಲ. ಅದಾಗಿದ್ದರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕಿತ್ತು.

ಕಂಡೆನ್ಸರ್ ಹೊಸದು ಹಾಕಿದರು. ಸಿಸ್ಟಮ್ ಬಿಚ್ಚಿದ ಮೇಲೆ ತೇವ ಹೀರುವ ಡ್ರೈಯರ್, ಜಾಯಿಂಟಿನ ರಬ್ಬರ್ ಓ ರಿಂಗ್ ಹಳೆಯವು ಇಡಬಾರದು ಅಂದರು, ಅವನ್ನೂ ಬದಲಾಯಿಸಿದರು, ಸೋರಿಹೋದ ಎಣ್ಣೆಯಷ್ಟು ಹೊಸದು ಸೇರಿಸಿದರು. ಅರ್ಧ ಗಂಟೆಗಿಂತ ಜಾಸ್ತಿ ವ್ಯಾಕ್ಯೂಮ್ ಎಳೆದು, ಅಂದರೆ ಪಂಪಿನಿಂದ ಒಳಗಿನ ಗಾಳಿ ತೆಗೆದು, ಪಂಪ್ ನಿಲ್ಲಿಸಿ, ಇನ್ನೂ ಸೋರಿಕೆ ಇದ್ದು ಗೇಜಿನ ಮುಳ್ಳು ಅಲ್ಲಾಡುತ್ತದಾ ಅಂತ ಕಾದರು. ವ್ಯಾಕ್ಯೂಮಿನಲ್ಲಿ ಒಳಗಿನ ನೀರು ಸಾಮಾನ್ಯ ತಾಪದಲ್ಲೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ, ಹಾಗಾಗಿ ಇಲ್ಲಿ ಅವಸರ ಮಾಡಬಾರದು. ಗ್ಯಾಸ್ ಹಾಕಿದ್ದು ಅಂದಾಜಿಗಲ್ಲ, ತಕ್ಕಡಿ ಇಟ್ಟು, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿದ್ದಷ್ಟು ಗ್ರಾಂ. ನನ್ನಂಥ ಸಣ್ಣ ಕಾರಿಗೆ ಅರ್ಧ ಕೇಜಿಯೂ ಬೇಡ. ಕೊನೆಗೆ ವೆಂಟಿನಲ್ಲಿ ಥರ್ಮಾಮೀಟರ್ ಇಟ್ಟು 7 ಡಿಗ್ರಿ ತೋರಿಸಿದರು, ಅದೂ ಮಟಮಟ ಮಧ್ಯಾಹ್ನ.

ಎಲ್ಲ ಸೇರಿ 8,000 ರೂಪಾಯಿ ಹತ್ತಿರ ಆಯ್ತು. ಕಮ್ಮಿ ಅಲ್ಲ. ಆದರೆ ಬೇಸಿಗೆ ಬೇಸಿಗೆಗೂ ಸುಮ್ನೆ ಗ್ಯಾಸ್ ತುಂಬಿಸಿಕೊಂಡು ಹೋಗುವವರ ಲೆಕ್ಕ ಮಾಡಿದರೆ ನನಗೆ ಬೇಜಾರಿಲ್ಲ. ಹೊರಡುವಾಗ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಹಾಕಿ ಅಂದರು. ತಿಂಗಳುಗಟ್ಟಲೆ ಓಡದಿದ್ದರೆ ಕಂಪ್ರೆಸರ್ ಸೀಲಿಗೆ ಎಣ್ಣೆ ತಲುಪದೆ ಒಣಗಿ ಅಲ್ಲೂ ಸೋರಲು ಶುರುವಾಗುತ್ತದಂತೆ. ನಮ್ಮ ಕಡೆ ಎಷ್ಟು ಜನ ಇದನ್ನು ಮಾಡುತ್ತಾರೋ!

ಬೇಸರದ ವಿಷಯವೂ ಇದೆ. ಹೇಳಿದ ಹೊತ್ತಿಗೆ ಗಾಡಿ ಕೈಗೆ ಬರಲಿಲ್ಲ, ಕಂಡೆನ್ಸರ್ ಮೈಸೂರಿಂದ ಬರಬೇಕು ಅಂತ ಕಾಯಿಸಿದರು, ಆ ಮಧ್ಯೆ ಒಂದು ಫೋನೂ ಇಲ್ಲ. ಬಿಲ್ ಕೇಳಿದರೆ ಮಾತ್ರ ಬರೆಯುತ್ತಾರೆ. ಕಂಡೆನ್ಸರಿನ ವಾರಂಟಿಗೆ ಅದು ಬೇಕಾಗುತ್ತದೆ, ಕೇಳಿ ತಗೊಳ್ಳಿ.