ಇಂಟರ್‌ಲ್ಯಾಂಡ್: ಕಾಸರಗೋಡಿನ ಕನ್ನಡ ತರಗತಿಗೆ ಎಷ್ಟು ಒಗ್ಗುತ್ತದೆ?

ಮಕ್ಕಳಿಗೆ ಅಂತರ್ಜಾಲದ ಎಚ್ಚರಗಳನ್ನು ಆಟದ ಮೂಲಕ ಕಲಿಸಲೆಂದು ಗೂಗಲ್ 2017ರಲ್ಲಿ ಹೊರತಂದ ‘ಇಂಟರ್‌ಲ್ಯಾಂಡ್’, ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬಳಸಿ ನೋಡಬಹುದಾದ ಆಟ. ಇದಕ್ಕೆ ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಬ್ರೌಸರಿನಲ್ಲೇ ನಡೆಯುವುದರಿಂದ ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ಕಂಪ್ಯೂಟರುಗಳಲ್ಲೂ ಆಡಿಸಬಹುದು. ಯಂತ್ರ ಹಳೆಯದಾದರೆ ಮಾತ್ರ ಚಿತ್ರಗಳು ತಡವರಿಸುತ್ತವೆ.

ಆಟದಲ್ಲಿ ನಾಲ್ಕು ಲೋಕಗಳಿವೆ. ಒಂದು ಗಟ್ಟಿ ಪಾಸ್‌ವರ್ಡಿನ ಕುರಿತು, ಇನ್ನೊಂದು ಕಿರುಕುಳ ಕೊಡುವವರನ್ನು ತಡೆದು ದೂರು ನೀಡುವ ಕುರಿತು, ಎರಡೂ ಚೆನ್ನಾಗಿವೆ. ನನಗೆ ಎಲ್ಲಕ್ಕಿಂತ ಮೇಲೆನಿಸಿದ್ದು ‘ಮೈಂಡ್‌ಫುಲ್ ಮೌಂಟನ್’ ಎಂಬ ಬೆಟ್ಟದ ಆಟ. ಇಲ್ಲಿ ನಾವು ಹಂಚಿಕೊಳ್ಳುವ ವಿಷಯ ಬೆಳಕಿನಂತೆ ಹೊರಟು ಹೋಗುತ್ತದೆ, ಅದು ತಲುಪಬೇಕಾದವರನ್ನೇ ತಲುಪುವಂತೆ ಗುರಿಯಿಡಬೇಕು. ಶಾಲಾ ವಾರ್ಷಿಕೋತ್ಸವದ ಯಕ್ಷಗಾನಕ್ಕೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ಸಹಪಾಠಿಯ ಅರೆವೇಷದ ಚಿತ್ರವನ್ನು ಅವನನ್ನು ಕೇಳದೆ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ಯಾರ ಕೈ ಸೇರೀತು, ಆಮೇಲೆ ಅಳಿಸಿದರೂ ಬೇರೆಯವರ ಫೋನಿನಲ್ಲಿ ಹೇಗೆ ಉಳಿದೀತು ಎಂಬುದನ್ನು ವಿವರಿಸಲು ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು.

ವಂಚನೆಯ ಸಂದೇಶಗಳನ್ನು ಗುರುತಿಸಿ ನದಿ ದಾಟುವ ಆಟ ನಮ್ಮ ಮಕ್ಕಳಿಂದ ತುಸು ದೂರವೇ ಉಳಿಯುತ್ತದೆ. ಇಂಗ್ಲಿಷ್ ಆವೃತ್ತಿಯನ್ನು ಆಡಿಸುವುದಾದರೆ ಪ್ರಶ್ನೆಗಳನ್ನು ಶಿಕ್ಷಕರೇ ಕನ್ನಡದಲ್ಲಿ ಓದಿ ಹೇಳಬೇಕು, ಇಲ್ಲವಾದರೆ ಮಕ್ಕಳು ಊಹಿಸಿ ಉತ್ತರ ಒತ್ತಿ ಮುಂದೆ ಸಾಗುತ್ತಾರೆ. ಅಮ್ಮನ ಫೋನಿಗೆ ಮಲಯಾಳದಲ್ಲೋ ಹಿಂದಿಯಲ್ಲೋ ಕರೆ ಮಾಡಿ ಒಟಿಪಿ ಕೇಳುವವರ ವಿಷಯವನ್ನೂ, ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನೂ, ಮಕ್ಕಳ ಸಹಾಯವಾಣಿ 1098 ಎಂಬುದನ್ನೂ ತರಗತಿಯಲ್ಲೇ ಸೇರಿಸಿ ಹೇಳಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ವಂಚಕರ ಬಗೆಗೆ ಇಷ್ಟು ಎಚ್ಚರಿಸುವ ಆಟ, ಮಗು ಏನು ಹುಡುಕಿತು, ಏನು ನೋಡಿತು ಎಂಬ ಮಾಹಿತಿಯನ್ನು ಕಂಪನಿಗಳು ಕಲೆಹಾಕಿ ಜಾಹೀರಾತಿಗೆ ಬಳಸುವ ವ್ಯವಹಾರದ ಬಗ್ಗೆ ಪಾಠ ಹೇಳುವುದಿಲ್ಲ. ಜಾಹೀರಾತಿನ ಆದಾಯವನ್ನೇ ಮುಖ್ಯವಾಗಿ ನಂಬಿರುವ ಕಂಪನಿಯಿಂದ ಆ ಪಾಠವನ್ನು ನಿರೀಕ್ಷಿಸುವುದು ಅತಿಯಾಸೆಯೇ ಇರಬಹುದು. ಆದರೆ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ; ಇದನ್ನು ಶಿಕ್ಷಕರು ಬಿಡದೆ ಹೇಳಿಕೊಡಬೇಕು.

ಪ್ರೌಢಶಾಲೆಯವರಿಗೆ ಆಟ ಎಳಸೆನಿಸುತ್ತದೆ. ಐದರಿಂದ ಏಳನೆಯ ತರಗತಿಯವರಿಗೆ, ಒಂದು ಪೀರಿಯಡ್‌ನಲ್ಲಿ ಒಂದೇ ಲೋಕ, ಆಡಿದಷ್ಟೇ ಹೊತ್ತು ಮಾತುಕತೆ ಎಂಬ ಕ್ರಮದಲ್ಲಿ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹತ್ತಿರದ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳ ಐಟಿ ಕ್ಲಬ್ ಆದ ‘ಲಿಟಲ್ ಕೈಟ್ಸ್’ ಘಟಕವಿದ್ದರೆ ಅದರ ಕನ್ನಡ ಬಲ್ಲ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವುದು ಒಳ್ಳೆಯದು. ಕಿರಿಯರು ಮೇಷ್ಟ್ರನ್ನು ಕೇಳಲು ಹಿಂಜರಿಯುವ ಪ್ರಶ್ನೆಗಳನ್ನು ಅವರನ್ನು ಕೇಳಿಯಾರು.