ಬೀಜಗಣಿತಕ್ಕೆ ಮೊದಲು: ಹ್ಯಾಂಗರ್ ತಕ್ಕಡಿಯೋ, ವರ್ಕ್‌ಬುಕ್ಕೋ?

ಮಗು ಬೀಜಗಣಿತಕ್ಕೆ ತಯಾರಿದೆಯೇ ಎಂದು ನೋಡಲು 8 + 4 = □ + 5 ಎಂದು ಬರೆದು ಕೊಡಿ, ಸಾಕು. ಚೌಕದಲ್ಲಿ 12 ಬಂದರೆ, ಅಥವಾ ಎಲ್ಲ ಕೂಡಿ 17 ಎಂದರೆ, ಸಮ ಚಿಹ್ನೆ ಅದರ ಪಾಲಿಗೆ ‘ಉತ್ತರ ಇಲ್ಲಿ ಬರಿ’ ಎಂಬ ಗುರುತು ಅಷ್ಟೆ. ಎರಡೂ ಕಡೆ ಬೆಲೆ ಒಂದೇ ಎಂಬುದು ಇನ್ನೂ ಹೊಳೆದಿಲ್ಲ. ಈ ಕೊರತೆ ಯಾವುದರಿಂದ ಬೇಗ ನೀಗುತ್ತದೆ ಎಂಬುದೇ ಇಲ್ಲಿಯ ಹೋಲಿಕೆ. ನನ್ನ ಓಟು ಮನೆಯಲ್ಲೇ ಮಾಡುವ ಹ್ಯಾಂಗರ್ ತಕ್ಕಡಿಗೆ.

ವರ್ಕ್‌ಬುಕ್‌ನಲ್ಲಿ ಲೆಕ್ಕಗಳಿಗೆ ಬರವಿಲ್ಲ. ತೊಂದರೆ ಏನೆಂದರೆ ‘ಆಚೆ ಹೋದರೆ ಚಿಹ್ನೆ ಬದಲು’ ಎಂಬ ಪಕ್ಷಾಂತರದ ಸೂತ್ರ ಬಲು ಬೇಗ ಬಂದುಬಿಡುತ್ತದೆ. ಅದನ್ನು ಬಾಯಿಪಾಠ ಮಾಡಿದ ಮಗು ಎಕ್ಸ್ + 3 = 11 ಅನ್ನು ಸರಿಯಾಗಿಯೇ ಬಿಡಿಸುತ್ತದೆ. 2ಎಕ್ಸ್ = 8 ಬಂದಾಗ 2 ಅನ್ನೂ ಆಚೆ ಸಾಗಿಸಿ, 8ರಲ್ಲಿ 2 ಕಳೆದು 6 ಎನ್ನುತ್ತದೆ.

ತಕ್ಕಡಿಯಲ್ಲಿ ಈ ತಪ್ಪಿಗೆ ಜಾಗವೇ ಇಲ್ಲ. ಹ್ಯಾಂಗರಿನ ಎರಡು ತುದಿಗೆ ಒಂದೇ ಉದ್ದದ ದಾರದಲ್ಲಿ ಪೇಪರ್ ಲೋಟ ಕಟ್ಟಿ, ಮೊಳೆಗೆ ನೇತುಹಾಕಿ. 2ಎಕ್ಸ್ + 3 = 11 ಮಾಡಲು ನಾಲ್ಕು ನಾಲ್ಕು ನಾಣ್ಯದ ಎರಡು ಪೊಟ್ಟಣ, ಮೂರು ಬಿಡಿ ನಾಣ್ಯ ಎಡಕ್ಕೆ; ಹನ್ನೊಂದು ಬಲಕ್ಕೆ. ಎರಡೂ ಕಡೆಯಿಂದ ಮೂರು ಮೂರು ತೆಗೆಸಿ. ಉಳಿದಿದ್ದನ್ನು ಎರಡೂ ಕಡೆ ಅರ್ಧ ಮಾಡಿಸಿ. ಪೊಟ್ಟಣ ಬಿಚ್ಚುವ ಮೊದಲೇ ಮಗು ‘ನಾಲ್ಕು’ ಅಂದಿರುತ್ತದೆ. ಪ್ರತಿ ಹೆಜ್ಜೆಯನ್ನೂ ಆಗಲೇ ಹಾಳೆಯಲ್ಲಿ ಬರೆಸಬೇಕು, ಇಲ್ಲದಿದ್ದರೆ ಆಟ ಆಟವಾಗಿಯೇ ಉಳಿಯುತ್ತದೆ.

ಕಾಡುವುದು ನಾಣ್ಯ. ಕೈಗೆ ಸಿಕ್ಕ ಒಂದು ರೂಪಾಯಿಗಳನ್ನೆಲ್ಲ ಬಳಸಿದರೆ ಲೆಕ್ಕ ಸರಿಯಿದ್ದರೂ ತಕ್ಕಡಿ ವಾಲುತ್ತದೆ, ಮಗುವಿಗೆ ತಾನೇ ತಪ್ಪಿದೆ ಅನ್ನಿಸುತ್ತದೆ. 2019ರ ಮಾದರಿಯ ನಾಣ್ಯ 3.09 ಗ್ರಾಂ, 2011ರದ್ದು 3.79, ಅದಕ್ಕೂ ಹಿಂದಿನ ದೊಡ್ಡ ಸ್ಟೀಲ್ ನಾಣ್ಯ 4.85. ಒಂದು ಕಡೆ ಎಲ್ಲವೂ ಹೊಸವಿದ್ದು, ಇನ್ನೊಂದು ಕಡೆ 2011ರವು ಐದು ಸೇರಿದರೆ ವ್ಯತ್ಯಾಸ 3.5 ಗ್ರಾಂ, ಅಂದರೆ ಒಂದು ಹೊಸ ನಾಣ್ಯಕ್ಕಿಂತ ಹೆಚ್ಚು! ಮೇಜಿನ ಮೇಲೆ ಹರಡಿ ಅಗಲ ನೋಡಿ ಬೇರ್ಪಡಿಸಿ: ಹೊಸದು 20 ಮಿಲಿಮೀಟರ್, 2011ರದ್ದು ಸುಮಾರು 22, ದೊಡ್ಡದು 25. ಒಂದೇ ಅಳತೆಯವು 22 ಬೇಕು. ಪೊಟ್ಟಣದ ಬದಲು ಬೆಂಕಿಪೊಟ್ಟಣ ಇಟ್ಟರೂ ಇದೇ ಗೋಳು. ಖಾಲಿ ಡಬ್ಬಿಗೂ ತೂಕವಿದೆ, ಅಷ್ಟೇ ಖಾಲಿ ಡಬ್ಬಿ ಎದುರು ಕಡೆಗೂ ಹಾಕಬೇಕಾಗುತ್ತದೆ. ಅಂಗೈಯಗಲದ ನ್ಯೂಸ್‌ಪೇಪರ್ ತುಂಡಾದರೆ ಆ ರಗಳೆ ಇಲ್ಲ.

ಮೊಬೈಲ್ ಆ್ಯಪ್‌ನಲ್ಲಿ ತಪ್ಪು ಒತ್ತಿ ಒತ್ತಿಯೇ ಉತ್ತರ ಸಿಗುತ್ತದೆ, ನನಗೆ ಬೇಡ.

ಬೆಂಕಿಕಡ್ಡಿಯ ವಿನ್ಯಾಸಗಳು ಬೇರೆ ಕೆಲಸಕ್ಕೆ ಒಳ್ಳೆಯವು. ಒಂದಕ್ಕೊಂದು ಅಂಟಿದ ಚೌಕಗಳಿಗೆ 4, 7, 10 ಕಡ್ಡಿ; ನೂರು ಚೌಕಕ್ಕೆ ಎಷ್ಟು ಎಂದು ಕೇಳಿದರೆ ‘ಮೂರರಷ್ಟು, ಮೇಲೊಂದು’ ಎಂದು ಮಗುವೇ ಹೇಳುತ್ತದೆ. ಅಕ್ಷರ ಏಕೆ ಬೇಕು ಎಂಬುದು ಅಲ್ಲಿ ತಿಳಿಯುತ್ತದೆ, ಸಮೀಕರಣ ಬಿಡಿಸುವುದಲ್ಲ.

ದಿನಕ್ಕೆ ಹದಿನೈದು ನಿಮಿಷ ಜೊತೆಗೆ ಕೂರಬಲ್ಲವರು ಎರಡು ವಾರ ತಕ್ಕಡಿಯನ್ನೇ ಹಿಡಿಯಿರಿ. ಖರ್ಚು ಎರಡು ಲೋಟ, ಒಂದಿಷ್ಟು ದಾರ. ಕೂರಲು ಬಿಡುವಿಲ್ಲದ ಮನೆಗೆ ವರ್ಕ್‌ಬುಕ್ಕೇ ಗತಿ, ಪಕ್ಷಾಂತರದ ಪುಟಗಳನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಎಕ್ಸ್ + 5 = 3 ಬಂದ ದಿನ ತಕ್ಕಡಿ ಕೆಳಗಿಳಿಸಿ, ಸಂಖ್ಯಾರೇಖೆ ಎಳೆಯಿರಿ; ಋಣ ಸಂಖ್ಯೆಯನ್ನು ಲೋಟದಲ್ಲಿ ಹಾಕಲು ಬರುವುದಿಲ್ಲ.